ನ್ಯಾನೋಟ್ಯೂಬ್ ಮೇಲೆ ವಜ್ರ ಕೂರುತ್ತಿಲ್ಲವೇ? ಮೀಥೇನ್ ತಿರುಗಿಸುವ ಮೊದಲು ಇವನ್ನು ನೋಡಿ

ಸಿಲಿಕಾನ್ ತುಂಡಿನ ಮೇಲೆ ಪೈರಿನಂತೆ ನಿಂತ ಇಂಗಾಲದ ನ್ಯಾನೋಟ್ಯೂಬ್‌ಗಳಿಗೆ (ಅತಿ ಸಣ್ಣ ಕೊಳವೆಗಳಿಗೆ) ಚೇಂಬರಿನಲ್ಲಿ ಅನಿಲದಿಂದ ವಜ್ರದ ಹೊದಿಕೆ ಬೆಳೆಸಿ, ತೂತುತೂತಾದ ಎಲೆಕ್ಟ್ರೋಡ್ ಮಾಡುವುದು ನಮ್ಮ ಕೆಲಸ. ಚೇಂಬರ್ ತೆಗೆದು ನೋಡಿದರೆ ತುಂಡು ಕನ್ನಡಿಯಂತೆ ಹೊಳೆಯುತ್ತಿದೆ. ಒಳಗೆ ಇಡುವಾಗ ಅದರ ಮೇಲೆ ಕಪ್ಪು ಮಖಮಲ್ಲಿನಂತೆ ನ್ಯಾನೋಟ್ಯೂಬ್ ನಿಂತಿತ್ತು, ಈಗ ಬರೀ ಸಿಲಿಕಾನ್. ಇನ್ನೊಂದು ದಿನ ಕಪ್ಪಗೇ ಇರುತ್ತದೆ, ಆದರೆ ಚಿಮಟ ತಾಗಿಸಿದರೆ ಮಸಿ ಉದುರಿದ ಹಾಗೆ ಉದುರುತ್ತದೆ. ಮತ್ತೊಂದು ದಿನ ಗಟ್ಟಿ ವಜ್ರವೇ ಬಂದಿರುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ, ಆದರೆ ತೂತೇ ಇಲ್ಲ. ಮೇಲೆ ಮುಚ್ಚಳ ಹಾಕಿದಂತೆ ಒಂದು ಹಾಳೆ, ಅಷ್ಟೇ.

ಇಂಥ ಸಮಯದಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಮೀಥೇನ್ ಪ್ರಮಾಣ ಬದಲಾಯಿಸುವುದು, ಇಲ್ಲವೇ ಉಷ್ಣತೆ ಏರಿಸಿ ಇಳಿಸುವುದು. ನಾನೂ ಮೂರು ವಾರ ಅದನ್ನೇ ಮಾಡಿದ್ದೇನೆ. ದಿನಕ್ಕೊಂದು ಬಾರಿ ಬೆಳೆಸಿ, ಪ್ರತಿ ಸಲ ಒಂದೊಂದು ಅಂಕಿ ಬದಲಿಸಿ, ನೋಟ್‌ಬುಕ್ ತುಂಬ ಬರೆದೆ. ದೋಷ ಇದ್ದದ್ದು ಬೇರೆ ಕಡೆ. ನಾನು ನೋಡಿದ ಮಟ್ಟಿಗೆ ಹಾಳಾಗುವ ತುಂಡುಗಳಲ್ಲಿ ಹೆಚ್ಚಿನವು ಬೆಳವಣಿಗೆ ಶುರುವಾದ ಮೊದಲ ಹದಿನೈದು ನಿಮಿಷದಲ್ಲಿ ಹಾಳಾಗುತ್ತವೆ, ಇಲ್ಲವೇ ಚೇಂಬರಿಗೆ ಹೋಗುವ ಮೊದಲೇ ಹಾಳಾಗಿರುತ್ತವೆ. ನಾಲ್ಕು ಗಂಟೆ ಆದ ಮೇಲೆ ಸಿಗುವ ತುಂಡಿನಲ್ಲಿ ಆ ಹದಿನೈದು ನಿಮಿಷದ ಗುರುತು ಹುಡುಕಬೇಕು. ಈ ಬರಹ ಅದಕ್ಕಾಗಿ.

ಇಲ್ಲಿ ಹೇಳುವುದೆಲ್ಲ ಬಿಸಿ ಫಿಲಮೆಂಟ್ ವಿಧಾನದ ಬಗ್ಗೆ. ಮೈಕ್ರೋವೇವ್ ಪ್ಲಾಸ್ಮಾ ಬಳಸುವವರಿಗೂ ತರ್ಕ ಒಂದೇ. ಅಲ್ಲಿ ಹೈಡ್ರೋಜನ್ ಪರಮಾಣುಗಳು ಜಾಸ್ತಿ ಇರುವುದರಿಂದ ಹಾಳಾಗುವುದೂ ಬೇಗ.

ಮೊದಲು, ಒಳಗೆ ಏನು ನಡೆಯುತ್ತದೆ

ಚೇಂಬರಿನಲ್ಲಿ ಇರುವುದು ಬಹುಪಾಲು ಹೈಡ್ರೋಜನ್, ಜೊತೆಗೆ ಶೇಕಡಾ 1ರ ಆಸುಪಾಸು ಮೀಥೇನ್. ಒತ್ತಡ 20ರಿಂದ 30 ಟಾರ್. ಟಂಗ್‌ಸ್ಟನ್ ಅಥವಾ ಟ್ಯಾಂಟಲಮ್ ತಂತಿ 2000 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾದಿರುತ್ತದೆ. ಅದರ ಕೆಳಗೆ ಐದಾರು ಮಿಲಿಮೀಟರ್ ದೂರದಲ್ಲಿ ನಿಮ್ಮ ತುಂಡು, 700ರಿಂದ 900 ಡಿಗ್ರಿಯಲ್ಲಿ. ಬಿಸಿ ತಂತಿ ಹೈಡ್ರೋಜನ್ ಅಣುವನ್ನು ಒಡೆದು ಒಂಟಿ ಪರಮಾಣು ಮಾಡುತ್ತದೆ. ವಜ್ರ ಬೆಳೆಯುವುದೇ ಈ ಪರಮಾಣುಗಳ ದಯೆಯಿಂದ. ಅವು ಗ್ರಾಫೈಟ್ ಜಾತಿಯ ಇಂಗಾಲವನ್ನು ತಿಂದುಹಾಕುತ್ತವೆ, ವಜ್ರವನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ.

ಸಿಲಿಕಾನ್ ಮೇಲೆ ಬೆಳೆಸುವವರಿಗೆ ಇದು ವರ. ನಮಗೆ ಇಲ್ಲೇ ತೊಂದರೆ. ನ್ಯಾನೋಟ್ಯೂಬ್ ಅಂದರೆ ಸುರುಳಿ ಸುತ್ತಿದ ಗ್ರಾಫೈಟ್ ಹಾಳೆ ತಾನೇ? ಹೈಡ್ರೋಜನ್ ಅದನ್ನೂ ತಿನ್ನುತ್ತದೆ. ಹಾಗಾಗಿ ಇಲ್ಲಿ ನಡೆಯುವುದು ಒಂದು ಓಟ. ವಜ್ರದ ಬೀಜಗಳು (ಟ್ಯೂಬಿನ ಮೇಲೆ ಮೊದಲೇ ಕೂರಿಸಿದ ಸಣ್ಣ ವಜ್ರದ ಕಣಗಳು) ದೊಡ್ಡದಾಗಿ ಒಂದಕ್ಕೊಂದು ಕೂಡಿಕೊಂಡು ಟ್ಯೂಬನ್ನು ಮುಚ್ಚಬೇಕು, ಅಷ್ಟರೊಳಗೆ ಹೈಡ್ರೋಜನ್ ಟ್ಯೂಬನ್ನು ತಿಂದು ಮುಗಿಸಬಾರದು. ಒಮ್ಮೆ ಮುಚ್ಚಿತು ಅಂದರೆ ಒಳಗಿನ ಟ್ಯೂಬು ಸುರಕ್ಷಿತ. ಮುಂದೆ ಬರುವ ಪ್ರತಿ ದೋಷವನ್ನೂ ಈ ಓಟದ ಕಣ್ಣಿನಿಂದಲೇ ನೋಡಿ.

ಮೂರು ತುಂಡು ಇಡಿ

ಪ್ರತಿ ಸಲ ಚೇಂಬರಿನಲ್ಲಿ ಒಂದೇ ತುಂಡು ಇಡಬೇಡಿ, ದಯವಿಟ್ಟು. ಅಕ್ಕಪಕ್ಕ ಮೂರು ಇಡಿ. ಒಂದು ಬೀಜ ಬಿತ್ತಿದ ಬರೀ ಸಿಲಿಕಾನ್. ಎರಡನೆಯದು ಬೀಜ ಹಾಕದ ನ್ಯಾನೋಟ್ಯೂಬ್. ಮೂರನೆಯದು ನಿಮ್ಮ ನಿಜವಾದ ತುಂಡು. ಬೆರಳಿನ ಉಗುರಿನ ಅರ್ಧದಷ್ಟು ಇದ್ದರೂ ಸಾಕು.

ಸಿಲಿಕಾನ್ ಮೇಲೂ ವಜ್ರ ಬಂದಿಲ್ಲ ಅಂದರೆ ತೊಂದರೆ ಚೇಂಬರಿನಲ್ಲಿದೆ, ಅಥವಾ ಬೀಜದ ದ್ರಾವಣವೇ ಸತ್ತಿದೆ. ಸಿಲಿಕಾನ್ ಮೇಲೆ ಚೆನ್ನಾಗಿ ಬಂದು ನಿಮ್ಮ ತುಂಡಿನಲ್ಲಿ ಬಂದಿಲ್ಲ ಅಂದರೆ ಚೇಂಬರನ್ನು ದೂರಬೇಡಿ, ಬಿತ್ತನೆ ನೋಡಿ. ಬೀಜ ಹಾಕದ ಟ್ಯೂಬು ಪೂರ್ತಿ ಮಾಯವಾಗಿ, ಬೀಜ ಹಾಕಿದ್ದು ಉಳಿದಿದ್ದರೆ ಎಲ್ಲವೂ ಸರಿ ಇದೆ ಅಂತಲೇ ಅರ್ಥ. ಎರಡೂ ಮಾಯವಾಗಿದ್ದರೆ ಓಟದಲ್ಲಿ ಹೈಡ್ರೋಜನ್ ಗೆದ್ದಿದೆ. ಈ ಒಂದು ಅಭ್ಯಾಸ ಮೊದಲ ದಿನದಿಂದ ಇದ್ದಿದ್ದರೆ ನನ್ನ ಆ ಮೂರು ವಾರ ಉಳಿಯುತ್ತಿತ್ತು.

ಟ್ಯೂಬೇ ಮಾಯ

ನನಗೆ ಆದದ್ದು ಇದೇ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮಲ್ಲಿ ಸಿಲಿಕಾನ್ ಮೇಲೆ ವಜ್ರ ಬೆಳೆಸುವ ಕ್ರಮ ಮೊದಲಿನಿಂದಲೂ ಇತ್ತು. ಪಂಪ್ ಮಾಡು, ಹೈಡ್ರೋಜನ್ ಬಿಡು, ಫಿಲಮೆಂಟ್ ಹೊತ್ತಿಸು, ತುಂಡು ಕಾಯಲಿ, ಉಷ್ಣತೆ ನಿಂತ ಮೇಲೆ ಮೀಥೇನ್ ಬಿಡು. ಹತ್ತಿಪ್ಪತ್ತು ನಿಮಿಷ ಬರೀ ಹೈಡ್ರೋಜನ್. ಸಿಲಿಕಾನಿಗೆ ಅದರಿಂದ ಏನೂ ಆಗುವುದಿಲ್ಲ, ಮೇಲ್ಮೈ ಇನ್ನೂ ಶುಚಿಯಾಗುತ್ತದೆ. ಅದೇ ಕ್ರಮವನ್ನು ನಾನು ಯೋಚನೆ ಮಾಡದೆ ನ್ಯಾನೋಟ್ಯೂಬಿಗೂ ಬಳಸಿದೆ. ಅಂದರೆ ವಜ್ರ ಬೆಳೆಯುವುದಕ್ಕೆ ಇಂಗಾಲವೇ ಕೊಡದೆ, ತಿನ್ನುವ ಹೈಡ್ರೋಜನ್ನಿಗೆ ಹತ್ತಿಪ್ಪತ್ತು ನಿಮಿಷ ಮುಂಚಿತವಾಗಿ ಓಡಲು ಬಿಟ್ಟೆ. ನಾನು ಮೀಥೇನ್ ಅನ್ನು ಶೇಕಡಾ 1 ಇಟ್ಟರೂ ಒಂದೇ, 2 ಇಟ್ಟರೂ ಒಂದೇ. ಅದು ಬರುವಷ್ಟರಲ್ಲಿ ಟ್ಯೂಬು ಇರುತ್ತಿರಲಿಲ್ಲ.

ಪರಿಹಾರ ಸರಳ. ಫಿಲಮೆಂಟ್ ಹೊತ್ತಿಸುವ ಮೊದಲೇ ಮೀಥೇನ್ ಹರಿಯುತ್ತಿರಲಿ. ನಾನು ಈಗ ಮೊದಲ ಹತ್ತು ಹದಿನೈದು ನಿಮಿಷ ಮೀಥೇನ್ ಅನ್ನು ಶೇಕಡಾ 4ರ ಹತ್ತಿರ ಇಡುತ್ತೇನೆ, ತುಂಡಿನ ಉಷ್ಣತೆ ಸ್ವಲ್ಪ ಕಡಿಮೆ ಇರುವಂತೆ ನೋಡಿಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ಬರುವ ವಜ್ರದ ಗುಣಮಟ್ಟ ಅಷ್ಟಕ್ಕಷ್ಟೇ, ಕಾಳು ತೀರಾ ಸಣ್ಣ, ಗ್ರಾಫೈಟ್ ಅಂಶ ಜಾಸ್ತಿ. ಪರವಾಗಿಲ್ಲ. ಅದರ ಕೆಲಸ ಟ್ಯೂಬನ್ನು ಮುಚ್ಚುವುದು. ಆಮೇಲೆ ಮೀಥೇನ್ ಇಳಿಸಿದರೆ ಮೇಲಿನ ಪದರ ಚೆನ್ನಾಗಿಯೇ ಬರುತ್ತದೆ.

ಆದರೂ ಒಮ್ಮೊಮ್ಮೆ ಮಾಯವಾಗುತ್ತಿತ್ತು, ಅದೂ ಸರಿಯಾಗಿ ಹೊಸ ಫಿಲಮೆಂಟ್ ಹಾಕಿದ ದಿನವೇ. ಇದನ್ನು ಹಿಡಿಯುವುದಕ್ಕೆ ಇನ್ನೂ ಕೆಲವು ದಿನ ಬೇಕಾಯಿತು. ಹೊಸ ಟಂಗ್‌ಸ್ಟನ್ ತಂತಿ ಇಂಗಾಲಕ್ಕೆ ಹಸಿದಿರುತ್ತದೆ. ಮೀಥೇನ್‌ನಿಂದ ಬರುವ ಇಂಗಾಲವನ್ನು ತಾನೇ ಹೀರಿಕೊಂಡು ಕಾರ್ಬೈಡ್ ಆಗುತ್ತದೆ. ಅದು ತುಂಬುವ ತನಕ ಮೀಟರಿನಲ್ಲಿ ಮೀಥೇನ್ ಎಷ್ಟೇ ತೋರಿಸಲಿ, ತುಂಡಿನ ಬಳಿ ಇಂಗಾಲದ ಬರ. ಹಾಗಾಗಿ ಹೊಸ ತಂತಿಯನ್ನು ಮೊದಲು ತುಂಡಿಲ್ಲದೆ ಮೀಥೇನ್‌ನಲ್ಲಿ ಕಾಯಿಸಿ. ತಂತಿ ಕಾರ್ಬೈಡ್ ಆಗುತ್ತಿದ್ದಂತೆ ಅದರ ವಿದ್ಯುತ್ ರೋಧ ಏರುತ್ತದೆ. ವೋಲ್ಟೇಜ್ ಮತ್ತು ಕರೆಂಟ್ ಬರೆದುಕೊಳ್ಳುತ್ತಾ ಹೋಗಿ, ಆ ಲೆಕ್ಕ ಒಂದು ಕಡೆ ನಿಂತ ಮೇಲೆ ತುಂಡು ಹಾಕಿ. ಕಾರ್ಬೈಡ್ ಆಗುವಾಗ ತಂತಿ ಉದ್ದವಾಗಿ ಜೋತು ಬೀಳುತ್ತದೆ, ಅದನ್ನೂ ನೋಡಿ. ಜೋತು ಬಿದ್ದ ತಂತಿಯ ಕೆಳಗೆ ಮಾತ್ರ ಟ್ಯೂಬು ಹೋಗಿ, ಅಂಚಿನಲ್ಲಿ ಉಳಿದಿದ್ದರೆ ದೂರ ಕಡಿಮೆಯಾಗಿದೆ ಅಂತ ಅರ್ಥ.

ಇವೆರಡೂ ಅಲ್ಲದಿದ್ದರೆ ಸೋರಿಕೆ ನೋಡಿ. ಚೇಂಬರ್ ಪಂಪ್ ಮಾಡಿ, ಪಂಪಿನ ವಾಲ್ವ್ ಮುಚ್ಚಿ, ಒತ್ತಡ ಏರುವುದನ್ನು ಗಡಿಯಾರ ಇಟ್ಟು ಬರೆಯಿರಿ. ನಿಲ್ಲದೆ ಒಂದೇ ವೇಗದಲ್ಲಿ ಏರುತ್ತಿದ್ದರೆ ಹೊರಗಿನ ಗಾಳಿ ನುಗ್ಗುತ್ತಿದೆ. ಮೊದಲು ಏರಿ ಆಮೇಲೆ ನಿಧಾನವಾದರೆ ಗೋಡೆಗೆ ಅಂಟಿದ ತೇವ ಬಿಡುತ್ತಿದೆ. ಈ ಉಷ್ಣತೆಯಲ್ಲಿ ಸ್ವಲ್ಪ ಆಮ್ಲಜನಕ ಇದ್ದರೂ ಟ್ಯೂಬಿಗೆ ಉಳಿಗಾಲವಿಲ್ಲ. ಫಿಲಮೆಂಟಿನ ಅಕ್ಕಪಕ್ಕದ ಗೋಡೆಯ ಮೇಲೆ ಹಳದಿ ಅಥವಾ ನೀಲಿ ಬಣ್ಣದ ಪುಡಿ ಕಂಡರೆ ಅದು ಟಂಗ್‌ಸ್ಟನ್ ಆಕ್ಸೈಡ್, ಅನುಮಾನವೇ ಬೇಡ.

ಉಷ್ಣತೆಯ ಬಗ್ಗೆ ಒಂದೇ ಮಾತು. ಉಷ್ಣತೆ ಅಳೆಯುವ ಥರ್ಮೋಕಪಲ್ ಇರುವುದು ತುಂಡು ಕೂರಿಸಿದ ಹೋಲ್ಡರಿನ ಕೆಳಗೆ. ನ್ಯಾನೋಟ್ಯೂಬಿನ ಹಾಸು ಕಡು ಕಪ್ಪು, ಫಿಲಮೆಂಟಿನ ಬೆಳಕನ್ನೆಲ್ಲ ಹೀರುತ್ತದೆ, ಕೆಳಗೆ ಶಾಖ ಬಿಡುವ ಹಿಡಿತವೂ ಕಡಿಮೆ. ಟ್ಯೂಬಿನ ತುದಿ ನಿಮ್ಮ ಮೀಟರಿಗಿಂತ ಬಿಸಿ ಇರುತ್ತದೆ ಅಂತಲೇ ಇಟ್ಟುಕೊಳ್ಳಿ. ಸಿಲಿಕಾನಿನ ಅಂಕಿಯನ್ನು ಹಾಗೇ ತರಬೇಡಿ.

ಬಿತ್ತನೆ

ವಜ್ರ ಟ್ಯೂಬಿನ ಮೇಲೆ ತಾನಾಗಿ ಮೊಳೆಯುವುದು ಅಪರೂಪ, ಬೀಜ ಬೇಕು. ಸ್ಫೋಟದಿಂದ ತಯಾರಾಗುವ 4-5 ನ್ಯಾನೋಮೀಟರ್ ಗಾತ್ರದ ನ್ಯಾನೋವಜ್ರದ ಪುಡಿಯೇ ಆ ಬೀಜ. ಸಿಲಿಕಾನಿನವರು ಮಾಡುವಂತೆ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಅದ್ದಿ ಅಲುಗಾಡಿಸಿದರೆ ನಮ್ಮ ನ್ಯಾನೋಟ್ಯೂಬಿನ ಪೈರೇ ಬುಡಸಮೇತ ಕಿತ್ತು ಬರುತ್ತದೆ.

ಹೆಚ್ಚಿನವರು ಬಳಸುವ ದಾರಿ ಎರಡು. ಒಂದು ಎಲೆಕ್ಟ್ರೋಸ್ಪ್ರೇ: ಮೆಥನಾಲಿನಲ್ಲಿ ನ್ಯಾನೋವಜ್ರ ಕದಡಿ, ಸೂಜಿಗೆ ಭಾರಿ ವೋಲ್ಟೇಜ್ ಕೊಟ್ಟು ಮಂಜಿನಂತೆ ಚಿಮ್ಮಿಸುವುದು. ಇನ್ನೊಂದು, ಪಾಸಿಟಿವ್ ಚಾರ್ಜಿನ ಪಾಲಿಮರ್ ಅನ್ನು ಟ್ಯೂಬಿಗೆ ಲೇಪಿಸಿ, ನೆಗೆಟಿವ್ ಚಾರ್ಜಿನ ನ್ಯಾನೋವಜ್ರ ಅದಕ್ಕೆ ಅಂಟುವಂತೆ ಮಾಡುವುದು.

ದ್ರಾವಣವನ್ನು ಮೊದಲು ಕಣ್ಣಿನಿಂದಲೇ ನೋಡಿ. ಚೆನ್ನಾಗಿ ಬಿಡಿಬಿಡಿಯಾದ ನ್ಯಾನೋವಜ್ರದ ನೀರು ತಿಳಿ ಡಿಕಾಕ್ಷನ್ ಇದ್ದಂತೆ ಇರುತ್ತದೆ, ಆಚೆ ಕಡೆ ಕಾಣುತ್ತದೆ. ಹಾಲಿನಂತೆ ಬೂದಿ ಬಣ್ಣಕ್ಕೆ ತಿರುಗಿ, ತಳದಲ್ಲಿ ಗಸಿ ಕೂತಿದ್ದರೆ ಕಣಗಳು ಗಂಟು ಕಟ್ಟಿವೆ. ನೂರಾರು ನ್ಯಾನೋಮೀಟರಿನ ಗಂಟು 20 ನ್ಯಾನೋಮೀಟರ್ ದಪ್ಪದ ಟ್ಯೂಬಿನ ಮೇಲೆ ಕೂರುವುದಾದರೂ ಹೇಗೆ? ತುದಿಗಳ ಮೇಲೆ ಹೊರೆಯಂತೆ ಕೂರುತ್ತದೆ, ಒಳಗೆ ಇಳಿಯುವುದೇ ಇಲ್ಲ. ಒಮ್ಮೆ ಅಯಾನು ತೆಗೆದ ನೀರು ಖಾಲಿಯಾಗಿದೆ ಅಂತ ಬೇರೆ ನೀರು ಬಳಸಿದ್ದರಿಂದ ನಮ್ಮ ದ್ರಾವಣ ಒಂದೇ ರಾತ್ರಿಯಲ್ಲಿ ಗಂಟು ಕಟ್ಟಿತ್ತು. ನೀರಿನ ಲವಣ ಕಣಗಳ ಮೇಲಿನ ಚಾರ್ಜನ್ನು ಮರೆಮಾಡಿಬಿಡುತ್ತದೆ, ದೂರ ತಳ್ಳುವ ಬಲ ಹೋಗಿ ಅವು ಅಂಟಿಕೊಳ್ಳುತ್ತವೆ.

ಬಿತ್ತಿದ ಮೇಲೆ, ಬೆಳೆಸುವ ಮೊದಲು, ತುಂಡಿನ ಒಂದು ಮೂಲೆ ಮುರಿದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಡ್ಡಕ್ಕೆ ನೋಡಿ. ಇದಕ್ಕೆ ಅರ್ಧ ದಿನ ಹೋಗುತ್ತದೆ ನಿಜ. ಆದರೆ ಇದನ್ನು ಬಿಟ್ಟು ಉಳಿದೆಲ್ಲ ಮಾಡುವುದು ಕಣ್ಣು ಕಟ್ಟಿಕೊಂಡು ಹುಡುಕಿದ ಹಾಗೆ. ಬೀಜ ತುದಿಯಲ್ಲಿ ಮಾತ್ರ ಇದೆಯೇ, ಪಕ್ಕದಲ್ಲೂ ಇದೆಯೇ, ಎಷ್ಟು ಆಳಕ್ಕೆ ಇಳಿದಿದೆ, ಎರಡು ಬೀಜದ ನಡುವೆ ಟ್ಯೂಬು ಎಷ್ಟು ಬೋಳಾಗಿದೆ? ನಡುವೆ ಬೋಳು ಜಾಗ ಉದ್ದವಾಗಿದ್ದಷ್ಟೂ ಹೈಡ್ರೋಜನ್ನಿಗೆ ಕಚ್ಚುವ ಜಾಗ ಜಾಸ್ತಿ. ಸರಿಯಾಗಿ ನಡುವೆ ಕತ್ತರಿಸಿದಂತೆ ತುಂಡಾದ ಟ್ಯೂಬುಗಳು, ತುದಿಯಲ್ಲಿ ವಜ್ರದ ಉಂಡೆ, ಇಂಥ ಚಿತ್ರ ಬೆಳೆಸಿದ ಮೇಲೆ ಬಂದರೆ ಬೀಜ ಸಾಲದು ಅಂತಲೇ ಓದಿಕೊಳ್ಳಿ.

ಎಲೆಕ್ಟ್ರೋಸ್ಪ್ರೇಯಲ್ಲಿ ಸೂಜಿಯ ದೂರ ಮುಖ್ಯ. ತೀರಾ ಹತ್ತಿರ ಇದ್ದರೆ ಹನಿ ಒದ್ದೆಯಾಗಿಯೇ ಬಂದು ಬೀಳುತ್ತದೆ, ಟ್ಯೂಬುಗಳು ಒಂದಕ್ಕೊಂದು ಅಂಟುತ್ತವೆ. ತೀರಾ ದೂರ ಇದ್ದರೆ ದಾರಿಯಲ್ಲೇ ಒಣಗಿ ಪುಡಿಯಾಗಿ ತುದಿಯಲ್ಲೇ ನಿಲ್ಲುತ್ತದೆ.

ಪೈರು ಮಲಗಿದೆ, ಅಥವಾ ಮುಚ್ಚಳ ಬಿದ್ದಿದೆ

ಈ ಎರಡನ್ನೂ ಒಟ್ಟಿಗೆ ಹೇಳಬೇಕು, ಯಾಕೆಂದರೆ ಒಂದಕ್ಕೆ ಮದ್ದು ಇನ್ನೊಂದು.

ನೀರಿನಲ್ಲಿ ನೆಂದ ನ್ಯಾನೋಟ್ಯೂಬ್ ಒಣಗುವಾಗ ನೀರಿನ ಮೇಲ್ಮೈ ಸೆಳೆತ ತುದಿಗಳನ್ನು ಎಳೆದು ಕೂಡಿಸುತ್ತದೆ. ಒದ್ದೆ ಕೂದಲು ಜಡೆ ಕಟ್ಟುವುದಿಲ್ಲವೇ, ಹಾಗೆಯೇ. ನೇರ ನಿಂತಿದ್ದ ಟ್ಯೂಬುಗಳು ಗುಂಪು ಗುಂಪಾಗಿ, ಬುಡ ಅಗಲ ತುದಿ ಚೂಪಾಗಿ, ಹೊಲದಲ್ಲಿ ನಿಲ್ಲಿಸಿದ ಸಿವುಡಿನಂತೆ ಕಾಣುತ್ತವೆ. ಮೊದಲ ಸಲ ಇದನ್ನು ನೋಡಿದಾಗ ತುಂಡು ಹಾಳಾಯಿತು ಅಂತ ಎಸೆದಿದ್ದೆ. ಎಸೆಯಬಾರದಿತ್ತು.

ಒಂದು ಲೆಕ್ಕ ಹಾಕಿ ನೋಡಿ. ಒಂದು ಚದರ ಸೆಂಟಿಮೀಟರಿನಲ್ಲಿ ಸಾವಿರ ಕೋಟಿ ಟ್ಯೂಬು ಇದ್ದರೆ ಎರಡು ಟ್ಯೂಬಿನ ನಡುವಿನ ದೂರ ಸುಮಾರು 100 ನ್ಯಾನೋಮೀಟರ್. ಟ್ಯೂಬಿನ ದಪ್ಪ 20 ಕಳೆದರೆ ಉಳಿದ ಸಂದು 80. ವಜ್ರ ಗಂಟೆಗೆ ಅರ್ಧ ಮೈಕ್ರೊಮೀಟರ್ ಬೆಳೆಯುತ್ತದೆ ಅಂತಿಟ್ಟುಕೊಳ್ಳಿ. ಎರಡೂ ಕಡೆಯಿಂದ 40 ನ್ಯಾನೋಮೀಟರ್ ಬೆಳೆದರೆ ಸಂದು ಮುಚ್ಚಿತು. ಅದಕ್ಕೆ ಬೇಕಾದ್ದು ಐದು ನಿಮಿಷ! ಮುಚ್ಚಿದ ಮೇಲೆ ಕೆಳಗೆ ಏನೂ ಇಳಿಯುವುದಿಲ್ಲ, ಮೇಲೆ ಹಾಳೆ ದಪ್ಪವಾಗುತ್ತದೆ. ನೇರವಾಗಿ ದಟ್ಟವಾಗಿ ನಿಂತ ಪೈರಿನ ಮೇಲೆ ನಾಲ್ಕು ಗಂಟೆ ಬೆಳೆಸಿ ತೂತು ಹುಡುಕಿದರೆ ಸಿಗುವುದಾದರೂ ಎಲ್ಲಿಂದ?

ಅದೇ ಟ್ಯೂಬುಗಳು ಗುಂಪಾಗಿ ಸೇರಿ, ಗುಂಪಿನ ನಡುವೆ 2 ಮೈಕ್ರೊಮೀಟರ್ ಸಂದು ಬಿಟ್ಟರೆ, ಅದು ಮುಚ್ಚಲು ಎರಡು ಗಂಟೆ ಬೇಕು. ಒಂದು ಗಂಟೆಗೆ ನಿಲ್ಲಿಸಿದರೆ ಒಂದು ಮೈಕ್ರೊಮೀಟರ್ ತೂತು ನಿಮ್ಮದು. 2014ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಪಾಲ್ ಮೇ ಮತ್ತು ಜೊತೆಗಾರರು (ವಿದ್ಯುತ್ ಹರಿಯಲೆಂದು) ಬೋರಾನ್ ಬೆರೆತ ತೂತುತೂತು ವಜ್ರವನ್ನು ನ್ಯಾನೋಟ್ಯೂಬ್ ಮೇಲೆ ಬೆಳೆಸಿ ಪ್ರಕಟಿಸಿದರಲ್ಲ, ಅವರು ಬಳಸಿದ್ದೂ ಹೀಗೆ ಗುಡಾರದಂತೆ ಕೂಡಿದ ಟ್ಯೂಬುಗಳನ್ನೇ.

ಹಾಗಾಗಿ ಮುಚ್ಚಳ ಬೀಳುತ್ತಿದ್ದರೆ ಬೇಕೆಂದೇ ನೀರಿನಲ್ಲಿ ಅದ್ದಿ ಒಣಗಿಸಿ, ಆಮೇಲೆ ಎಲೆಕ್ಟ್ರೋಸ್ಪ್ರೇ ಮಾಡಿ. ಇದಕ್ಕೆ ವಿರುದ್ಧವಾಗಿ ಗುಂಪು ತೀರಾ ದೊಡ್ಡದಾಗಿ ಪೈರು ಪೂರ್ತಿ ಮಲಗಿಬಿಡುತ್ತಿದ್ದರೆ ಟ್ಯೂಬಿನ ಉದ್ದ ಕಡಿಮೆ ಮಾಡಿ. ಉದ್ದ ಇದ್ದಷ್ಟೂ ಬೇಗ ಬಾಗುತ್ತದೆ. ನೀರಿನ ಬದಲು ಎಥನಾಲಿನಲ್ಲಿ ಅದ್ದಿದರೂ ಸೆಳೆತ ಕಡಿಮೆಯಾಗುತ್ತದೆ, ನೀರಿನ ಮೇಲ್ಮೈ ಸೆಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಎಥನಾಲಿನದು 22. ಸ್ವಲ್ಪವೂ ಬಾಗಬಾರದು ಅನ್ನುವವರು ಇಂಗಾಲದ ಡೈಆಕ್ಸೈಡ್‌ನಿಂದ ಸೂಪರ್‌ಕ್ರಿಟಿಕಲ್ ಒಣಗಿಸುವಿಕೆಗೆ (ಮೇಲ್ಮೈ ಸೆಳೆತವೇ ಇಲ್ಲದಂತೆ ಒಣಗಿಸುವುದಕ್ಕೆ) ಹೋಗಬೇಕು.

ಆಳದ ಆಸೆ ಜಾಸ್ತಿ ಬೇಡ. ಹೈಡ್ರೋಜನ್ ಪರಮಾಣುಗಳು ಸಂದಿಯ ಗೋಡೆಗೆ ಬಡಿದು ಮತ್ತೆ ಅಣುವಾಗಿ ಕೂಡಿಕೊಳ್ಳುತ್ತವೆ. ಹಾಗಾಗಿ ಕೆಳಗಡೆ ವಜ್ರ ಬೆಳೆಸುವ ಶಕ್ತಿಯೇ ತಲುಪುವುದಿಲ್ಲ.

ರಾಮನ್ ರೇಖೆ ಓದುವಾಗ ಹೆದರಬೇಡಿ

1928ರ ಫೆಬ್ರುವರಿ 28ರಂದು ಕಂಡ ರಾಮನ್ ಪರಿಣಾಮವೇ (ವಸ್ತುವಿಗೆ ತಾಗಿ ಚದುರಿದ ಬೆಳಕಿನ ಬಣ್ಣ ತುಸು ಬದಲಾಗುವುದು) ಇವತ್ತು ನಮಗೆ ವಜ್ರ ಹೌದೋ ಅಲ್ಲವೋ ಹೇಳುವ ಮೊದಲ ಪರೀಕ್ಷೆ. ಸಿ.ವಿ. ರಾಮನ್ ಬೆಂಗಳೂರಿನಲ್ಲಿದ್ದಾಗ ವಜ್ರಗಳನ್ನು ಕೂಡಿಸಿ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಪ್ರತಿ ಸಲ ಆ ಸೂಜಿಯಂಥ ರೇಖೆ ಎದ್ದಾಗ ನನಗೆ ಅದು ನೆನಪಾಗುತ್ತದೆ.

ವಜ್ರದ ರೇಖೆ ಬರುವುದು 1332ರಲ್ಲಿ (ಅಳತೆ cm⁻¹, ಮುಂದಿನ ಅಂಕಿಗಳಿಗೂ ಅದೇ). ಗ್ರಾಫೈಟ್ ಜಾತಿಯದ್ದು 1350 ಮತ್ತು 1580ರ ಸುತ್ತ ಅಗಲವಾಗಿ ಬರುತ್ತದೆ. ಹೊಸಬರು 1580ರ ದಿಬ್ಬ ನೋಡಿದ ಕೂಡಲೇ ವಜ್ರ ಕೆಟ್ಟಿದೆ ಅಂತ ತೀರ್ಮಾನಿಸುತ್ತಾರೆ. ಎರಡು ವಿಷಯ ಗಮನಿಸಿ. ಹಸಿರು ಲೇಸರಿಗೆ ವಜ್ರಕ್ಕಿಂತ ಗ್ರಾಫೈಟ್ ಹತ್ತಾರು ಪಟ್ಟು ಜೋರಾಗಿ ಕಾಣುತ್ತದೆ, ಸ್ವಲ್ಪವೇ ಇದ್ದರೂ ದೊಡ್ಡ ದಿಬ್ಬ. ಎರಡನೆಯದಾಗಿ, ಒಳಗಿರುವ ನ್ಯಾನೋಟ್ಯೂಬೂ ಅಲ್ಲೇ ರೇಖೆ ಕೊಡುತ್ತದೆ, ಅದು ಉಳಿದಿದೆ ಅನ್ನುವುದು ಒಳ್ಳೆ ಸುದ್ದಿ ಅಲ್ವಾ? ಬೀಜ ಬಿತ್ತಿದ ಸಿಲಿಕಾನ್ ತುಂಡಿನ ರೇಖೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ. ಸಿಲಿಕಾನಿನ ಮೇಲೆ 1332 ಚೂಪಾಗಿದ್ದರೆ ವಜ್ರ ಸರಿ ಇದೆ, ಉಳಿದದ್ದು ಟ್ಯೂಬಿನದು. ಅಲ್ಲೂ 1332 ಇಲ್ಲದೆ ಬರೀ ದಿಬ್ಬ, ಜೊತೆಗೆ 1140ರ ಬಳಿ ಭುಜದಂತೆ ಒಂದು ಉಬ್ಬು ಇದ್ದರೆ ಮೀಥೇನ್ ಜಾಸ್ತಿಯಾಗಿದೆ ಅಥವಾ ಫಿಲಮೆಂಟ್ ತಣ್ಣಗಿದೆ. ಹಾಂ, ಮೀಥೇನ್ ಗುಂಡಿ ತಿರುಗಿಸಬೇಕಾದ ಜಾಗ ಇದು.

ಬೋರಾನ್ ಜಾಸ್ತಿ ಬೆರೆಸಿದವರಿಗೆ 1332 ಕೆಳಕ್ಕೆ ಸರಿದು ಸೊಟ್ಟಗಾಗುತ್ತದೆ, 500 ಮತ್ತು 1200ರ ಹತ್ತಿರ ಅಗಲ ದಿಬ್ಬ ಏಳುತ್ತದೆ. ಅದು ದೋಷವಲ್ಲ, ಬೋರಾನ್ ಒಳಗೆ ಹೋಗಿದೆ ಅನ್ನುವ ಗುರುತು.

ಪದರ ಎದ್ದು ಬರುತ್ತಿದ್ದರೆ

ಬೇಗ ತಣ್ಣಗೆ ಮಾಡಬೇಡಿ, ಅಷ್ಟೇ. ಸಿಲಿಕಾನಿನ ಬದಲು ಟೈಟಾನಿಯಂ ತುಂಡಿನ ಮೇಲೆ ಬೆಳೆಸುವವರು ಇದನ್ನು ಮರೆಯಬಾರದು: ವಜ್ರ ಕುಗ್ಗುವುದು ತೀರಾ ಕಡಿಮೆ, ಟೈಟಾನಿಯಂ ಕುಗ್ಗುವುದು ಅದರ ಎಷ್ಟೋ ಪಟ್ಟು. ಫಿಲಮೆಂಟ್ ಕರೆಂಟನ್ನು ಅರ್ಧ ಗಂಟೆಯಲ್ಲಿ ನಿಧಾನವಾಗಿ ಇಳಿಸಿ. ಎದ್ದ ಪದರವನ್ನು ತಿರುಗಿಸಿ ನೋಡಿ: ಹಿಂಬದಿಯಲ್ಲಿ ಟ್ಯೂಬಿನ ಬುಡ ಕಾಣುತ್ತಿದ್ದರೆ ಟ್ಯೂಬು ಬೆಳೆಸಿದಾಗಲೇ ಹಿಡಿತ ಸಾಲದಾಗಿತ್ತು. ಆಗ ವಜ್ರದ ಹಂತದಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ.

ನೋಡಲು ಚೆಂದ, ಎಲೆಕ್ಟ್ರೋಡಾಗಿ ಕೆಲಸವಿಲ್ಲ

ಚಿತ್ರದಲ್ಲಿ ತೂತು ಕಾಣುತ್ತದೆ, ಆದರೆ ಪೊಟಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅಳೆದರೆ ಧಾರಕತೆ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) ಸಪಾಟು ವಜ್ರದಷ್ಟೇ ಬರುತ್ತದೆ. ಇಲ್ಲಿ ಬಹಳ ಸಲ ವಜ್ರದ ತಪ್ಪಿಲ್ಲ. ಈಗಷ್ಟೇ ಬೆಳೆದ ವಜ್ರದ ಮೈ ತುಂಬ ಹೈಡ್ರೋಜನ್, ಅದಕ್ಕೆ ನೀರು ಹಿಡಿಯುವುದಿಲ್ಲ. ಕೆಸುವಿನ ಎಲೆಯ ಮೇಲಿನ ಹನಿಯಂತೆ ದ್ರಾವಣ ತೂತಿನ ಬಾಯಲ್ಲೇ ನಿಲ್ಲುತ್ತದೆ, ಒಳಗೆ ಗಾಳಿ. ತುಂಡನ್ನು ಮೊದಲು ಐಸೊಪ್ರೊಪನಾಲಿನಲ್ಲಿ ಅದ್ದಿ, ಒಣಗಲು ಬಿಡದೆ ಹಾಗೇ ನೀರಿಗೆ, ಆಮೇಲೆ ದ್ರಾವಣಕ್ಕೆ ಬದಲಿಸಿ ಮತ್ತೆ ಅಳೆಯಿರಿ. ಅಂಕಿ ಏಕಾಏಕಿ ಏರಿದರೆ ಕಾರಣ ಸಿಕ್ಕಿತು. ಕಾಯಂ ಪರಿಹಾರ ಬೇಕಾದರೆ ಸ್ವಲ್ಪ ಹೊತ್ತು ಆಕ್ಸಿಜನ್ ಪ್ಲಾಸ್ಮಾ ಕೊಡಿ.

ಇದರ ಉಲ್ಟಾ ದೋಷ ಇನ್ನೂ ಮೋಸದ್ದು. ಧಾರಕತೆ ಭರ್ಜರಿಯಾಗಿ ಬಂದಿದೆ, ಎಲ್ಲರಿಗೂ ಖುಷಿ. ಆದರೆ ವೋಲ್ಟೇಜಿನ ವ್ಯಾಪ್ತಿ ನೋಡಿ. ಒಳ್ಳೆ ಬೋರಾನ್ ವಜ್ರಕ್ಕೆ ನೀರಿನಲ್ಲಿ ಸುಮಾರು 3 ವೋಲ್ಟ್ ವ್ಯಾಪ್ತಿ ಇರುತ್ತದೆ, ಅಷ್ಟರೊಳಗೆ ನೀರು ಒಡೆಯುವುದಿಲ್ಲ. ಧಾರಕತೆ ಜಾಸ್ತಿ ಇದ್ದು ವ್ಯಾಪ್ತಿ ಕಿರಿದಾಗಿದ್ದರೆ ನೀವು ಅಳೆಯುತ್ತಿರುವುದು ವಜ್ರವನ್ನಲ್ಲ, ಮುಚ್ಚದೆ ಉಳಿದ ಬೋಳು ಟ್ಯೂಬನ್ನು. ಅಂಥ ತುಂಡನ್ನು ಅಡ್ಡಕ್ಕೆ ಮುರಿದು ಬುಡದ ಕಡೆ ನೋಡಿ. ಸಾಮಾನ್ಯವಾಗಿ ಮೇಲಿನ ಕೆಲವು ಮೈಕ್ರೊಮೀಟರ್ ಮಾತ್ರ ವಜ್ರ ಹೊದ್ದಿರುತ್ತದೆ, ಕೆಳಗೆಲ್ಲ ಬರಿಮೈ. ಟ್ಯೂಬಿನ ಉದ್ದವನ್ನು ಆ ಕೆಲವು ಮೈಕ್ರೊಮೀಟರಿಗೆ ಇಳಿಸಿ, ಮತ್ತೆ ಮೂರು ತುಂಡು ಇಟ್ಟು ಬೆಳೆಸಿ.